ಶಸ್ತ್ರ ಬಿಟ್ಟ ವಿಮಾನಗಳ ಮಾವಶಿ

ನಮ್ಮ ಮಾವಶಿ ಇರುವೆಯನ್ನು ಕೂಡ ತುಳಿಯುವವರಲ್ಲ. ಆದರೆ ಬಾಂಬು ಹಾಕುವ ವಿಮಾನ ಕಂಡರೆ ಮೈಮರೆಯುತ್ತಾರೆ! ಇದು ನಾನು ಕಟ್ಟಿದ ಮಾತಲ್ಲ. ಅನುಮಾನವಿದ್ದರೆ ಮಿರಜಿನ ಹತ್ತಿರದ ಅವರ ಊರು ಮಾಲಗಾಂವಕ್ಕೆ ಹೋಗಿ ಯಾರನ್ನಾದರೂ ಕೇಳಿ.

ಮಾವಶಿ ಎಂದರೆ ನನ್ನ ಅವ್ವನ ತಂಗಿ. ಜೈನರ ಮನೆ, ದ್ರಾಕ್ಷಿ ತೋಟ, ಹೊತ್ತು ಮುಳುಗುವ ಮೊದಲೇ ಊಟ, ಸೋಸದ ನೀರು ಮುಟ್ಟುವ ಮಾತೇ ಇಲ್ಲ. ಅಂಗಳ ಗುಡಿಸುವಾಗ ಇರುವೆ ಸಾಲು ಅಡ್ಡ ಬಂದರೆ ಕಸಬರಿಗೆ ಎತ್ತಿ ಹಿಡಿದು, ಅವುಗಳ ಮೆರವಣಿಗೆ ಮುಗಿಯುವ ತನಕ ಕಾಯುತ್ತಾರೆ. ಇಂಥವರ ಕೊರಳಲ್ಲಿ ಒನಕೆಯಂಥ ಲೆನ್ಸಿನ ಕ್ಯಾಮೆರಾ! ನಡುಮನೆಯ ಗೋಡೆಯ ಮೇಲೆ ತೀರ್ಥಕ್ಷೇತ್ರಗಳ ಪಟಗಳ ಪಕ್ಕದಲ್ಲಿ ಮಿಗ್, ಹಂಟರ್, ಡಕೋಟಾ ವಿಮಾನಗಳ ಫೋಟೋ! ಪ್ರಯಾಣಿಕರ ವಿಮಾನ ತಲೆಯ ಮೇಲೆ ಹೋದರೆ ಕತ್ತೆತ್ತಿಯೂ ನೋಡುವುದಿಲ್ಲ. "ಅದು ಬಸ್ ಐತಿ" ಎಂದುಬಿಡುತ್ತಾರೆ. ವಿಮಾನ ಎಂದರೆ ಹಳೆಯದಾಗಿರಬೇಕು, ಸೈನ್ಯದ್ದಾಗಿರಬೇಕು, ಕೆಲಸ ಮುಗಿಸಿ ಯಾವುದೋ ಕಾಲೇಜಿನ ಎದುರಿಗೋ ಉದ್ಯಾನದಲ್ಲೋ ಕಟ್ಟೆಯ ಮೇಲೆ ನಿಂತಿರಬೇಕು.

ಇದು ಶುರುವಾದದ್ದು ತವರೂರು ಆರಗದಲ್ಲಂತೆ. ಮಾವಶಿ ಸಣ್ಣವರಿದ್ದಾಗ ಅವರ ಹೊಲದ ಮೇಲೆ ಒಂದು ವಿಮಾನ ಬಹಳ ತಗ್ಗಿನಲ್ಲಿ ಹಾರಿ ಹೋಯಿತು. ಉಳಿದವರೆಲ್ಲ ಹೆದರಿ ಜೋಳದೊಳಗೆ ಅಡಗಿದರೆ, ಇವರೊಬ್ಬರೇ ಬಾಯಿ ತೆರೆದು ನಿಂತಿದ್ದರು. "ಆ ಬಾಯಿ ಇನ್ನೂ ಮುಚ್ಚಿಲ್ಲ" ಎನ್ನುವುದು ಅವರ ಗಂಡ, ಅಂದರೆ ನಮ್ಮ ಕಾಕಾನ ಅಭಿಪ್ರಾಯ.

ಕಾಕಾ ಒಮ್ಮೆ ಎಲ್ಲರೆದುರು ಕೆಣಕಿದರು. "ಅಹಿಂಸಾ ಅಹಿಂಸಾ ಅಂತಿ. ಮಂದೀನ ಕೊಲ್ಲೋ ವಿಮಾನದ ಫೋಟೋ ಯಾಕ ಬೇಕ ನಿನಗ?"

ಮಾವಶಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದರು: "ಅವು ಶಸ್ತ್ರ ಬಿಟ್ಟಾವು. ಮನಿ ಮಠಾ ಬಿಟ್ಟಾವು. ಬಿಸಲ ಇರಲಿ, ಮಳಿ ಇರಲಿ, ನಿಂತಲ್ಲೇ ನಿಂತು ತಪಾ ಮಾಡಾಕತ್ತಾವು. ದೀಕ್ಷಾ ಅಂದ್ರ ಮತ್ತೇನ್ರಿ?"

ಕಾಕಾ ಎದ್ದು ತೋಟದ ಕಡೆ ನಡೆದರು. ದೀಕ್ಷೆ ತೆಗೆದುಕೊಂಡ ಮಿಗ್‌ಗೆ ಯಾರು ತಾನೇ ಎದುರು ಮಾತಾಡಿಯಾರು!

ಈ ಹುಚ್ಚು ನನ್ನ ಮದುವೆಯನ್ನೂ ಬಿಡಲಿಲ್ಲ. ಗಡಿಯಾಚೆ ಕನ್ನಡ ಸೀಮೆಯ ಊರೊಂದರಲ್ಲಿ ನನಗಾಗಿ ಹುಡುಗಿ ನೋಡಲು ಮನೆಯ ಹೆಂಗಸರೆಲ್ಲ ಹೋದರು. ಮಾವಶಿಯ ಕಣ್ಣು ಚೊಕ್ಕ, ಅವರು ಒಪ್ಪಿದರೆ ಆತು ಎಂದು ಅವ್ವನ ನಂಬಿಕೆ. ನಾನು ಸಾಂಗಲಿಯ ನಮ್ಮ ಅರಿಶಿನದ ಅಂಗಡಿಯಲ್ಲಿ ಮೊಬೈಲು ಹಿಡಿದು ಕುಳಿತಿದ್ದೆ. ಅಲ್ಲಿ ನಡೆದದ್ದೇನೆಂದರೆ, ಅವಲಕ್ಕಿ ತಿಂದು ಚಹಾ ಬರುವಷ್ಟರಲ್ಲಿ ಮಾವಶಿ ನಾಪತ್ತೆ! ಹುಡುಕಿದರೆ ಪಕ್ಕದ ಕಾಲೇಜಿನ ಬಯಲಿನಲ್ಲಿ, ಕಟ್ಟೆಯ ಮೇಲಿದ್ದ ಹಳೆಯ ವಿಮಾನದ ಹೊಟ್ಟೆಯ ಕೆಳಗೆ, ರೇಷ್ಮೆ ಸೀರೆಯಲ್ಲಿ ಅಂಗಾತ ಮಲಗಿದ್ದಾರೆ. ಹುಡುಗಿಯ ಅಜ್ಜಿ, ಬೀಗರಿಗೆ ಬವಳಿ ಬಂದಿದೆ ಎಂದುಕೊಂಡು ಒಂದು ತಂಬಿಗೆ ನೀರನ್ನು ಮುಖಕ್ಕೆ ಸುರಿದೇಬಿಟ್ಟರು. ಮಾವಶಿ ಮೊದಲು ಒರೆಸಿಕೊಂಡದ್ದು ಲೆನ್ಸನ್ನು, ಆಮೇಲೆ ಮುಖವನ್ನು.

ಇದೊಂದೂ ಗೊತ್ತಿಲ್ಲದ ನಾನು ತಡೆಯಲಾರದೆ ಫೋನು ಮಾಡಿದೆ. "ಮಾವಶಿ, ಹ್ಯಾಂಗ ಅನಸ್ತರಿ?"

"ಏನ್ ಹೇಳ್ಲೋ ಅಪ್ಪಾ! ಮೂಗ ಅಂದ್ರ ಮೂಗ! ಬಾಲದ ಕಡೆ ಸ್ವಲ್ಪ ಬಣ್ಣ ಹೋಗೈತಿ, ಹೊಟ್ಟಿ ತೆಳಗ ಎಣ್ಣಿ ಸೋರಿದ ಕಲಿ ಅದಾವು. ವಯಸ್ಸಾಗೈತಿ ನೋಡು. ಆದ್ರ ಏನ್ ಕಳಾ!"

ಆ ಹುಡುಗಿಯನ್ನೇ ನಾನು ಮದುವೆಯಾದೆ. ಈ ಮಾತು ಅವಳ ಕಿವಿಗೆ ಬೀಳದಂತೆ ನೋಡಿಕೊಂಡೆ ಎಂದುಕೊಂಡಿದ್ದೆ. ಆದರೆ ಈಗಲೂ ಜಗಳವಾದಾಗ ಅವಳು, "ಹೌದು, ಬಾಲದ ಕಡೆ ಬಣ್ಣ ಹೋದಾಕಿ ನಾನು. ಸುಮ್ಮನ ಯಾಕ ಮಾಡಕೊಂಡ್ರಿ?" ಎಂದು ಕೇಳುತ್ತಾಳೆ. 

ಹೀಗೇ ನಡೆದಿರುತ್ತಿತ್ತೇನೋ. ಆದರೆ ಕಳೆದ ಮಳೆಗಾಲದ ಕೊನೆಗೆ ಇನ್ನೊಂದು ಊರಿನ ವಿಮಾನದ ಬಾಲವನ್ನು ವಿದ್ಯುತ್ ತಂತಿ ಅಡ್ಡ ಬರದಂತೆ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಮಾವಶಿ ಕಾಂಪೌಂಡ್ ಗೋಡೆ ಹತ್ತಿದರು. ಪಾಚಿ ಕಟ್ಟಿದ ಗೋಡೆ. ಕ್ಯಾಮೆರಾವನ್ನು ಎದೆಗವಚಿಕೊಂಡು, ಬಲಗೈ ಊರಿ ಬಿದ್ದರು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ, ಮಣಿಕಟ್ಟು ಮುರಿಯಿತು. ಮಿರಜಿನ ಆಸ್ಪತ್ರೆಗೆ ತಂದರು. ಹೇಗೆ ಬಿದ್ದಿರಿ ಎಂದು ನರ್ಸು ಕೇಳಿದರೆ, ನೋವಿನಲ್ಲಿ ಮಾವಶಿಯ ಬಾಯಿಂದ ಹೊರಟದ್ದು "ವಿಮಾನ..." ಎಂಬ ಒಂದೇ ಶಬ್ದ. ಅಲ್ಲಿಂದ ಆ ಶಬ್ದ ಬಾಗಿಲಿಗೆ, ಬಾಗಿಲಿನಿಂದ ಚಹಾದಂಗಡಿಗೆ, ಚಹಾದಂಗಡಿಯಿಂದ ಮಾಲಗಾಂವಕ್ಕೆ ಹೋಯಿತು. ನನ್ನ ಅಂಗಡಿಗೆ ಫೋನು ಬಂದಾಗ ಅದು ಪೂರ್ತಿ ಬೆಳೆದುಬಿಟ್ಟಿತ್ತು: "ನಿಮ್ಮ ಮಾವಶಿ ವಿಮಾನದಾಗಿಂದ ಬಿದ್ದಾರಂತ್ರಿ!"

ನಾನು ಏದುಸಿರು ಬಿಡುತ್ತ ಆಸ್ಪತ್ರೆಗೆ ಓಡಿದೆ. ಅಷ್ಟರಲ್ಲಾಗಲೇ ಮಾಲಗಾಂವದಿಂದ ಒಂದು ಟೆಂಪೋ ಜನ ಬಂದಿಳಿದಿದ್ದರು. ಒಬ್ಬ ಮುದುಕಿ ಮಾವಶಿಯ ಕೆನ್ನೆ ಸವರಿ ಕಣ್ಣೀರಿಡುತ್ತಿದ್ದಳು: "ಅಷ್ಟ ಮ್ಯಾಲಿಂದ ಬಿದ್ರೂ ಬರೇ ಕೈ ಮುರದೈತಿ. ಎಂಥಾ ಪುಣ್ಯವಂತಿ!"

ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಮನೆಗೆ ಹೋದವರೇ ಕ್ಯಾಮೆರಾವನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. "ಇನ್ನ ಸಾಕ ಮಾಡು" ಎಂದರು. ಮಾವಶಿ ಜಗಳವಾಡಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು. ಅವರು "ಆತ್ರಿ" ಎಂದರು, ಅಷ್ಟೇ. ಪ್ಲಾಸ್ಟರ್ ತೆಗೆದರು, ಕೈ ಸರಿಯಾಗುತ್ತ ಬಂತು. ಆದರೆ ಗೋಡೆಯ ಮೇಲಿನ ವಿಮಾನಗಳನ್ನು ಮಾವಶಿ ತಿರುಗಿಯೂ ನೋಡಲಿಲ್ಲ. ಮಾತು ಕಡಿಮೆಯಾಯಿತು. ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು.

ಈ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಮಾಲಗಾಂವಕ್ಕೆ ಹೋಗಿದ್ದೆವು. ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿ ನಡೆದಿತ್ತು. ಮಾವಶಿ ಬಲಗೈ ಇನ್ನೂ ನೋಯುವುದರಿಂದ ಎಡಗೈಯಲ್ಲೇ ಕತ್ತರಿ ಹಿಡಿದು ರಸ್ತೆಯ ಕಡೆಯ ಸಾಲಿನಲ್ಲಿದ್ದರು. ಆಗ ರಸ್ತೆಯಲ್ಲಿ ಉದ್ದನೆಯ ಟ್ರೇಲರೊಂದು ನರಳುತ್ತ ಬಂದು, ಧಡ್ ಎಂದು ಸದ್ದು ಮಾಡಿ, ನಮ್ಮ ತೋಟದ ಎದುರಿಗೇ ನಿಂತಿತು. ಆಕ್ಸಲ್ ಮುರಿದಿತ್ತು. ಮೇಲೆ ತಾಡಪತ್ರಿ ಹೊದಿಸಿದ ಏನೋ ಮಹಾ ಉದ್ದನೆಯ ವಸ್ತು. ಗಾಳಿಗೆ ತಾಡಪತ್ರಿಯ ಒಂದು ತುದಿ ಹಾರಿತು.

"ಮಿಗ್" ಎಂದರು ಮಾವಶಿ. ಗುಡಿಯಲ್ಲಿ ಕೂಡ ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಲ್ಲ.

ಮುಂದೆ ಕುಳಿತಿದ್ದ ವಯಸ್ಸಾದವರೊಬ್ಬರು ಇಳಿದರು. ಬಾಗಲಕೋಟೆ ಕಡೆಯವರು. ವಾಯುಪಡೆಯಲ್ಲಿ ಈ ಜಾತಿಯ ವಿಮಾನಗಳನ್ನು ಹಾರಾಟಕ್ಕೆ ಸಜ್ಜು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಈ ವಿಮಾನ ಯಾವುದೋ ಕಾಲೇಜಿಗೆ ಹೊರಟಿತ್ತು, ಅಲ್ಲಿ ರೆಕ್ಕೆ ಜೋಡಿಸಿ ನಿಲ್ಲಿಸಿಕೊಡಲು ಇವರು ಜೊತೆಗೆ ಹೊರಟಿದ್ದರು. ಡ್ರೈವರ್ ಬಿಡಿಭಾಗ ತರಲು ಮಿರಜಿಗೆ ಹೋದ. ಇವರು ನಮ್ಮ ಬಾಯಲ್ಲಿ ಕನ್ನಡ ಕೇಳಿ ಹಿಗ್ಗಿ, ತಾಡಪತ್ರಿ ಸರಿಸಿಯೇಬಿಟ್ಟರು.

ಅಬ್ಬಾ! ಫೋಟೋದಲ್ಲಿ ಎಷ್ಟು ಸಲ ನೋಡಿದ್ದೆ, ನೋಡಿ ನೋಡಿ ನಕ್ಕಿದ್ದೆ. ಆದರೆ ಬಿಸಿಲಿನಲ್ಲಿ ಆ ಬೆಳ್ಳಿಯ ಮೈ ಒಮ್ಮೆಲೇ ಹೊಳೆದಾಗ ನನ್ನ ನಗು ಎಲ್ಲಿ ಹೋಯಿತೋ! ರೆಕ್ಕೆ ಬಿಚ್ಚಿಟ್ಟಿದ್ದರೂ ಅದು ಮಲಗಿದಂತೆ ಕಾಣಲಿಲ್ಲ, ಉಸಿರು ಹಿಡಿದು ಕುಳಿತಂತೆ ಕಾಣುತ್ತಿತ್ತು. ಮೊಳೆಗಳ ಸಾಲು ಅಷ್ಟು ಸಣ್ಣ, ಅಷ್ಟು ನೇರ. ರಸ್ತೆಯಲ್ಲಿ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನು ತಾನಾಗಿಯೇ ಹಾಡು ಬಂದ್ ಮಾಡಿ ಇಳಿದ. "ಬಾಪ್ ರೇ" ಎಂದು ಒಬ್ಬ ಮರಾಠಿಯಲ್ಲಿ ಉಸುರಿದ. ಊರೇ ನೆರೆಯಿತು, ಆದರೆ ಗದ್ದಲವಿಲ್ಲ. ಮಾವಶಿ ಚಪ್ಪಲಿ ಕಳಚಿ ನಿಂತಿದ್ದರು.

ಆಗ ತೋಟದ ಸಾಲುಗಳ ನಡುವೆ ಯಾರೋ ಓಡಿ ಬರುವುದು ಕಂಡಿತು. ಕಾಕಾ! ಮೊಣಕಾಲು ನೋವೆಂದು ಮೆಟ್ಟಿಲು ಹತ್ತದ ಕಾಕಾ ಧೋತರ ಎತ್ತಿ ಹಿಡಿದು ಓಡಿ ಬಂದರು. ಕೈಯಲ್ಲಿ ಕ್ಯಾಮೆರಾ.

"ಹಿಡಿ. ಲಗೂನ ತಗಿ. ಮನಿ ಮುಂದ ಮತ್ತ ಯಾವಾಗ ಬರತೈತೋ ಏನೋ!"

ಮಾವಶಿ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡರು. ನಿವೃತ್ತರು ನಕ್ಕು, "ಒಳಗ ಕುಂದರತೀರೇನ್ರಿ ಅಕ್ಕಾರ?" ಎಂದು ಏಣಿ ಇಟ್ಟರು. ಕಾಕಾ ಗೊಣಗುತ್ತಲೇ ಏಣಿ ಹಿಡಿದರು: "ಇನ್ನೊಂದ ಕೈ ಮುರಕೋಬ್ಯಾಡ ಮತ್ತ." ಮಾವಶಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು, ಪೈಲಟ್ ಕೂರುವ ಆ ಇಕ್ಕಟ್ಟಿನೊಳಗೆ ಇಳಿದು ಕುಳಿತರು. ಕೆಳಗಿನಿಂದ ಅವರ ತಲೆ ಮಾತ್ರ ಕಾಣುತ್ತಿತ್ತು; ನಾನು ಟ್ರೇಲರಿನ ಅಂಚು ಹತ್ತಿ ಇಣುಕಿದೆ.

"ಫೋಟೋ ತಗೀರಿ ಮಾವಶಿ!" ಎಂದು ನಾನು ಕೂಗಿದೆ. ಅವರು ತೆಗೆಯಲಿಲ್ಲ. ಒಳಗಿನಿಂದಲೇ ಕೇಳಿದರು:

"ಅಣ್ಣಾರ, ಇಲ್ಲಿ ಕುಂದರೋರು ಎಷ್ಟ ವಯಸ್ಸಿನವರಿರತಿದ್ರು?"

"ಸಣ್ಣ ಹುಡುಗರರೀ. ಕೆಲವರಿಗೆ ಮೀಸಿ ಸೈತ ನೆಟ್ಟಗ ಬಂದಿರತಿದ್ದಿಲ್ಲ. ನಾನಽ ಪಟ್ಟಿ ಕಟ್ಟಿ ಕೂಡಸತಿದ್ದೆ."

"ಕಾಲ ಚಾಚಾಕ ಜಾಗಾ ಇಲ್ಲಲ್ರಿ ಇಲ್ಲಿ." ಮತ್ತೆ ಕೇಳಿದರು, "ಎಲ್ಲಾರೂ ತಿರುಗಿ ಬಂದ್ರೇನ್ರಿ?"

ನಿವೃತ್ತರು ವಿಮಾನದ ಹೊಟ್ಟೆಯ ಮೇಲೆ ಅಂಗೈ ಇಟ್ಟರು. "ಬ್ಯಾರೆ ವಿಮಾನದಾಗ ಹೋಗಿ ಬರಲಾರದವರು ಅದಾರ್ರಿ ಅಕ್ಕಾರ. ಏಣಿ ಹಿಡಕೊಂಡು ಮ್ಯಾಲ ನೋಡಕೋತ ನಿಂತೇನಿ ನಾನು, ಕತ್ತಲಾಗೂ ತನಕ. ಆದ್ರ ಇದು ಹಂಗ ಮಾಡ್ಲಿಲ್ರಿ. ಇದು ಎಲ್ಲಾರನ್ನೂ ಕರಕೊಂಡ ಬಂತು."

ಮಾವಶಿ ಸೊಂಟದಿಂದ ಸೆರಗು ಬಿಚ್ಚಿ, ಒಳಗಿನ ಧೂಳನ್ನು ನಿಧಾನವಾಗಿ ಒರೆಸತೊಡಗಿದರು. ನಿಂತುಹೋದ ಮುಳ್ಳುಗಳ ಗಾಜು, ಕುರ್ಚಿಯ ಅಂಚು, ಜೋತುಬಿದ್ದ ಪಟ್ಟಿಗಳು, ಒಂದೊಂದನ್ನೂ ಒರೆಸಿದರು. 

ಹೊತ್ತು ಇಳಿಯುವ ಮೊದಲು ಟ್ರೇಲರ್ ಸರಿಹೋಗಿ ಹೊರಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಕಾಕಾ ಕೇಳಿದರು, "ಅಷ್ಟ ಓಡಿ ತಂದ ಕೊಟ್ಟೆ, ಒಂದರೆ ಫೋಟೋ ತಗೀಬೇಕೋ ಬ್ಯಾಡೋ?"

"ತಗೀಬೇಕಂತ ಹತ್ತಿದ್ದೆ" ಎಂದರು ಮಾವಶಿ. "ಒಳಗ ಕುಂತ ಮ್ಯಾಲ ಅದು ವಿಮಾನ ಅನಸಲಿಲ್ರಿ. ತೊಟ್ಟಿಲ ಅನಸ್ತು."

ಕಾಕಾ ಮಾವಶಿಯ ಆ ನೋಯುವ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಮಾಲಗಾಂವದ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಊರ ಮಂದಿಯೆದುರು ಕಾಕಾ ಹಾಗೆ ಕೈ ಹಿಡಿದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.