ಮಾವನ ಕ್ಯಾಮೆರಾದ ಹೊಟ್ಟೆ ಬಗೆದದ್ದು

ಕ್ಯಾಮೆರಾ ಬಿಚ್ಚುವ ಕತೆ ಹೇಳಲು ನಾನು ಯಾರು? ಗೋಡೆ ಗಡಿಯಾರಕ್ಕೆ ಸೆಲ್ಲನ್ನೂ ತಲೆಕೆಳಗು ಹಾಕುವವನು. ಕಸುಬು ಬಲ್ಲವರು ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಆದರೆ ಜೋಪಾನಪ್ಪನ ಪಾಡು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ಜೋಪಾನಪ್ಪ ಎಂಬುದು ಕಚೇರಿಯವರು ಇಟ್ಟ ಹೆಸರು. ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುವ ಆಸಾಮಿ. ಅಂಥವನಿಗೆ ಫೋಟೊಗ್ರಫಿಯ ಸಂಜೆ ತರಗತಿಯಲ್ಲಿ ಒಂದು ಹುಚ್ಚು ಹತ್ತಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಫೋಟೊ ತೆಗೆಯುವುದು. ಕ್ಯಾಮೆರಾದೊಳಗೆ ಆ ಬೆಳಕನ್ನು ತಡೆಯುವ ಗಾಜೊಂದು ಇರುತ್ತದಂತೆ. ಅದನ್ನು ಕಿತ್ತು, ಆ ಬೆಳಕನ್ನಷ್ಟೇ ಬಿಡುವ ಕಪ್ಪು ಗಾಜು ಕೂರಿಸಿದರೆ ಹಸಿರು ಮರ ಬೆಳ್ಳಗೆ ಕಾಣುತ್ತದಂತೆ. ಕಪ್ಪು ಗಾಜು ತರಿಸಿದ್ದ. ಒಂದೇ ಒಂದು.

ಬಗೆಯಬೇಕಿದ್ದದ್ದು ಬಹಳ ದಿನದಿಂದ ಮುಟ್ಟದೆ ಬಿದ್ದಿದ್ದ ತನ್ನ ಹಳೇ ಕ್ಯಾಮೆರಾದ ಹೊಟ್ಟೆ. ಆದರೆ ಅದೇ ಮಾಡೆಲ್ಲಿನ ಮಾವನ ಕ್ಯಾಮೆರಾವೂ ಮನೆಯಲ್ಲಿತ್ತು. “ಒರೆಸಿ ಚಾರ್ಜ್ ಮಾಡಿಡಿ ಅಳಿಯಂದಿರೇ, ನಾಳೆ ಸಂಜೆ ನಮ್ಮ ಹಳೇ ಗೆಳೆಯರ ಕೂಟ ಇದೆ” ಎಂದು ಬಿಟ್ಟುಹೋಗಿದ್ದರು. ಮಗಳನ್ನು ಬಿಟ್ಟರೆ ಅವರು ಇವನನ್ನು ನಂಬಿ ಕೊಟ್ಟ ವಸ್ತು ಅದೊಂದೇ.

ಒಂದನ್ನು ಬಿಚ್ಚಿ, ಇನ್ನೊಂದನ್ನು ನೋಡಿಕೊಂಡು ಜೋಡಿಸುವುದೆಂದು ಜೋಪಾನಪ್ಪ ಲೆಕ್ಕ ಹಾಕಿದ. ಎರಡನ್ನೂ ತಟ್ಟೆಯಲ್ಲಿಟ್ಟ, ತನ್ನದು ಎಡಕ್ಕೆ, ಮಾವನದು ಬಲಕ್ಕೆ. ಶಾಕ್ ಹೊಡೆಯಬಾರದೆಂದು ಎರಡರ ಬ್ಯಾಟರಿಯನ್ನೂ ತೆಗೆದ. ಅಡ್ಡ ಬರಬಾರದೆಂದು ಎರಡರ ದಾರವನ್ನೂ ಬಿಚ್ಚಿದ. ಮಾವನದರ ಕೆಂಪು ದಾರವೊಂದೇ ಹೊರಗಿನ ಗುರುತು ಎಂಬುದು ಆಗ ಹೊಳೆಯಲಿಲ್ಲ.

ಮಹಡಿ ಮೇಲಿನ ವಾಚ್ ರಿಪೇರಿ ಅಜ್ಜ ಹೇಳಿ ಕಳಿಸಿದವರಂತೆ ಬಂದರು. “ಬೆಳಕಿಗೆ ಬೆನ್ನು ಮಾಡ್ಕೊಂಡು ಆಪರೇಷನ್ ಮಾಡ್ತಾರೇನೋ ಮರಿ? ಈ ಕಡೆ ಬಾ” ಎಂದು ತಟ್ಟೆಯನ್ನೇ ಗಿರಕ್ಕನೆ ತಿರುಗಿಸಿದರು. ಎಡಗಡೆಯದು ಬಲಕ್ಕೆ ಬಂತು.

ಜೋಪಾನಪ್ಪ ಎಡಗಡೆಯದನ್ನೇ ಬಿಚ್ಚಿದ. ಕೈ ಫ್ಲ್ಯಾಶಿನ ಬುಡಕ್ಕೆ ತಗುಲಿದ್ದೇ ತಡ, ಬಿಸಿ ಕಾವಲಿಯ ಮೇಲಿನ ಸಾಸಿವೆಯಂತೆ ಸಿಡಿದು ಗೋಡೆಗೆ ಒರಗಿದ.

“ಬ್ಯಾಟರಿ ತೆಗೆದಿದ್ದೆ ಅಜ್ಜಾ.”

“ಅದರ ಹೊಟ್ಟೇಲಿ ಇನ್ನೂ ಕರೆಂಟ್ ಉಳ್ಕೊಂಡಿರುತ್ತೆ ಕಣೋ. ಕೇಳಿದ್ರೆ ಹೇಳ್ತಿದ್ದೆ.”

ಅಂತೂ ಕಪ್ಪು ಗಾಜು ಕೂತಿತು. ಎಲ್ಲ ಜೋಡಿಸಿ ಬ್ಯಾಟರಿ ಹಾಕಲು ಮುಚ್ಚಳ ತೆರೆದರೆ, ಒಳಗೆ ಮಾವನ ಹೆಸರು ಬರೆದ ಸ್ಟಿಕರ್ ಇವನನ್ನೇ ನೋಡುತ್ತಿತ್ತು. ಆದರೂ ಬ್ಯಾಟರಿ ಹಾಕಿ ಕಿಟಕಿಯಾಚೆಯ ಮರದತ್ತ ಹಿಡಿದ. ಮರ ಅರಳೆಯಂತೆ ಬೆಳ್ಳಗೆ, ಆಕಾಶ ಕಾಡಿಗೆಯಂತೆ ಕಪ್ಪಗೆ. ಕೆಲಸ ಕೈಗೂಡಿತ್ತು, ಕ್ಯಾಮೆರಾ ಮಾತ್ರ ತಪ್ಪು.

ಅಜ್ಜ ಸದ್ದಿಲ್ಲದೆ ಮಹಡಿ ಹತ್ತಿದರು. ಹೆಂಡತಿ ಅಡುಗೆಮನೆಯಿಂದ ಕೇಳಿದಳು, “ರೀ, ಹೇರ್ ಡ್ರೈಯರ್ ಯಾಕೆ ಓಡ್ತಿದೆ? ನಿಮಗೆ ಕೂದಲೆಲ್ಲಿದೆ?”

“ಸುಮ್ನೆ, ಧೂಳು ಊದ್ತಿದೀನಿ.”

ಬಿಸಿ ಗಾಳಿ ಊದಿ ಸ್ಟಿಕರ್ ಎಬ್ಬಿಸಿ, ತನ್ನ ಕ್ಯಾಮೆರಾಕ್ಕೆ ಅಂಟಿಸಿ, ಕೆಂಪು ದಾರ ಕಟ್ಟಿದ. ಮಾವ ಬಂದು ಒಯ್ದರು. ಬೆಳಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಜೋಪಾನಪ್ಪ ಆಗ ಬಿಟ್ಟ.

ಕೂಟ ಮುಗಿಯುವ ಮೊದಲೇ ಮಾವ ವಾಪಸು ಬಂದರು. ಮುಖ ಇಂಗು ತಿಂದಂತಿತ್ತು.

“ಫ್ಲ್ಯಾಶೇ ಹೊತ್ತಲಿಲ್ಲ ಅಳಿಯಂದಿರೇ. ಎಲ್ಲರೂ ಹಲ್ಲು ಕಿರಿದು ನಿಂತಿದ್ದೇ ಬಂತು. ಅಲ್ಲಾ, ನಾನು ಬೀಳಿಸಿ ಫ್ಲ್ಯಾಶ್ ಕೆಡಿಸಿದ್ದು ಆ ಇನ್ನೊಂದಲ್ವಾ? ಅದನ್ನ ಆವತ್ತೇ ಇಲ್ಲಿ ಬಿಟ್ಟು, ನಿಮ್ಮದಕ್ಕೆ ಸ್ಟಿಕರ್…”

ಮಾವ ನಾಲಿಗೆ ಕಚ್ಚಿಕೊಂಡರು. ಜೋಪಾನಪ್ಪನಿಗೆ ನಿಧಾನಕ್ಕೆ ಅರ್ಥವಾಯಿತು. ಮಾವ ಎಂದೋ ತಮ್ಮ ಕೆಟ್ಟದ್ದನ್ನು ಇವನಿಗೆ ಬಿಟ್ಟು, ಇವನ ಒಳ್ಳೆಯದಕ್ಕೆ ಸ್ಟಿಕರ್ ಅಂಟಿಸಿಕೊಂಡು ಹೋಗಿದ್ದರು. ಅಂದರೆ ಇಂದು ಇವನು ಬಗೆದದ್ದು ತನ್ನದನ್ನೇ. ಹೆದರಿದ್ದೆಲ್ಲ ದಂಡ.

ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳಿದರೆ ಹೇರ್ ಡ್ರೈಯರ್ ಕತೆಯೂ ಹೊರಬೀಳುತ್ತದೆ. ಬಾಯಿ ಮುಚ್ಚಿದ.

ಮಾವ ಕೈ ಚಾಚಿದರು. “ನಿನ್ನೆ ನಾನು ಕೊಟ್ಟಿದ್ದು ಚೆನ್ನಾಗಿತ್ತಪ್ಪಾ. ಅದನ್ನೇ ಕೊಡಿ.”

ಕೊಟ್ಟ. ಮಾವ ತಮ್ಮ ಮುಖಕ್ಕೇ ಹಿಡಿದು ಒತ್ತಿದರು. ಫ್ಲ್ಯಾಶ್ ಪಳ್ಳೆಂದಿತು. ಕಪ್ಪು ಗಾಜಿನ ದಯೆಯಿಂದ ಪರದೆಯಲ್ಲಿ ಕಲೆಯಿಲ್ಲ, ಸುಕ್ಕಿಲ್ಲ, ಕೆನೆಗಟ್ಟಿದಂಥ ಮುಖ.

“ಒರೆಸಿದ್ದಕ್ಕೇ ಇಷ್ಟು ಚೆನ್ನಾಗಿ ಬರುತ್ತೇನ್ರೀ?” ಎನ್ನುತ್ತಾ ಅದನ್ನು ಜೇಬಿಗಿಳಿಸಿ ಕೂಟಕ್ಕೆ ಓಡಿದರು.

ಜೋಪಾನಪ್ಪನ ಪಾಲಿಗೆ ಫ್ಲ್ಯಾಶ್ ಸತ್ತ ಕ್ಯಾಮೆರಾ ಉಳಿಯಿತು, ಅದರೊಳಗೆ ಮಾವನ ಹೆಸರು. ಬಾಗಿಲ ಹಿಂದೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಪ್ಪನ ಕಳ್ಳಾಟ ಎಷ್ಟು, ಗಂಡನದು ಎಷ್ಟು ಅವಳಿಗೆ ಗೊತ್ತಿತ್ತು ಎಂದು ಕೇಳಬೇಡಿ. ಅವನಿಗೆ ಕೇಳುವ ಧೈರ್ಯ ಬಂದಿಲ್ಲ, ನನಗೂ ಗೊತ್ತಿಲ್ಲ.