ಒಂದೇ ಹೆಸರಿಗೆ ಎರಡು ಆರ್ಡರ್

ಪ್ರೀತಿ ಮುರಿದ ಗಂಡಸರು ಸೀದಾ ಬಾರಿಗೆ ಹೋಗ್ತಾರೆ ಅಂತ ಜನ ಅಂದ್ಕೊಂಡಿದ್ದಾರೆ. ಸುಳ್ಳು. ಭದ್ರಾವತಿಯಲ್ಲಿ ಅವರು ಮೊದಲು ಬರೋದು ನನ್ನ ಅಂಗಡಿಗೆ. ಓಲ್ಡ್ ಟೌನಿನಲ್ಲಿ ನಂದು ರೇಡಿಯಂ ಅಂಗಡಿ. ಬೈಕು, ಆಟೋಗಳಿಗೆ ಸ್ಟಿಕ್ಕರ್ ಅಕ್ಷರ ಕತ್ತರಿಸಿ ಅಂಟಿಸೋದು ಕೆಲಸ. ಹುಡುಗಿ ಒಪ್ಪಿದಾಗ ಹೆಸರು ಹಾಕಿಸೋಕೆ ಬರ್ತಾರೆ, ಬಿಟ್ಟುಹೋದಾಗ ತೆಗೆಸೋಕೆ ಬರ್ತಾರೆ. ಎರಡು ಸಲವೂ ಅರ್ಜೆಂಟು. ಅಂಥವರನ್ನ ಲೆಕ್ಕವಿಲ್ಲದಷ್ಟು ನೋಡಿದ್ದೀನಿ. ಆದರೆ ನನ್ನ ಬಿಪಿ ಏರಿಸಿದವನು ಒಬ್ಬನೇ, ನಮ್ಮ ಸ್ಟ್ಯಾಂಡಿನ ಒಬ್ಬ ಆಟೋ ಡ್ರೈವರ್.

೧. ತೆಗೆದ ಮೇಲೆ ಚೆನ್ನಾಗಿ ಕಂಡಿತು

ಅವನ ಆಟೋ ಹಿಂದಿನ ತಗಡಿನ ಮೇಲೆ ಹುಡುಗಿ ಹೆಸರು ಹಾಕಿಕೊಟ್ಟವನು ನಾನೇ. ಎರಡು ವರ್ಷ ಆದಮೇಲೆ ಒಂದು ಬೆಳಿಗ್ಗೆ ಬಂದು, "ಅಣ್ಣಾ, ಕಿತ್ತಾಕು" ಅಂದ. ಕಾರಣಾನೂ ಅವನೇ ಹೇಳಿದ. ಸಾಕು, ಇನ್ನು ಮುಂದೆ ಬರಬೇಡ ಅಂತ ಅವಳೇ ನೇರವಾಗಿ ಹೇಳಿದಳಂತೆ.

ಬಿಸಿಗಾಳಿ ಬಿಟ್ಟು, ಸೀಮೆಎಣ್ಣೆ ಹಚ್ಚಿ, ಒಂದೊಂದೇ ಅಕ್ಷರ ಎಬ್ಬಿಸಿದೆ. ಸ್ಟಿಕ್ಕರ್ ಬಂತು, ಹೆಸರು ಹೋಗಲಿಲ್ಲ! ಸುತ್ತಲಿನ ಬಣ್ಣ ಎರಡು ವರ್ಷ ಬಿಸಿಲಿಗೆ ಮಾಸಿತ್ತು, ಅಕ್ಷರದ ಅಡಿ ಇದ್ದ ಬಣ್ಣ ಮಾತ್ರ ಶೋರೂಮಿನಿಂದ ಬಂದ ಹಾಗೇ ಹೊಳೀತಿತ್ತು. ಅವನು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದ. ಇನ್ನೂ ನಾಲ್ಕು ಹೆಜ್ಜೆ ಹೋದ. ರಸ್ತೆ ದಾಟಿ ಆ ಕಡೆಯಿಂದ ಕೂಗಿದ, "ಅಣ್ಣಾ, ಇಲ್ಲಿಂದ್ಲೂ ಕಾಣ್ತೈತೆ! ಮೊದ್ಲು ಇಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ!"

೨. ದಿನಕ್ಕೊಂದು ಸಾಲು

ಅದರ ಮೇಲೆ ಒಂದು ಕರೀ ಪಟ್ಟಿ ಅಂಟಿಸಿ ಮುಚ್ಚಿದೆ. ಅದೇ ತಪ್ಪಾಯ್ತು. ಖಾಲಿ ಜಾಗ ಕಂಡದ್ದೇ ಅವನಿಗೆ ಬರೆಸೋ ಹುಚ್ಚು ಹಿಡೀತು.

ಮೊದಲ ದಿನ "ಹೆಣ್ಣನ್ನು ನಂಬಬೇಡ" ಅಂತ ಹಾಕಿಸಿದ. ಮಾರನೇ ದಿನವೇ ವಾಪಸ್ ಬಂದ. ಮಾರ್ಕೆಟ್ ಹತ್ರ ಒಬ್ಬ ಅಜ್ಜಿ ಅದನ್ನ ಓದಿ, ತರಕಾರಿ ಚೀಲದಿಂದಲೇ ಬೆನ್ನಿಗೆ ಒಂದು ಬಿಟ್ಟು, "ನಿಮ್ಮವ್ವನ್ನ ನಂಬಿದ್ದಕ್ಕೇ ಇಷ್ಟುದ್ದ ಆಗಿದೀಯ ಕಣೋ ಮುಂಡೇದೇ" ಅಂದಳಂತೆ. ಚೀಲದಲ್ಲಿ ಸೋರೆಕಾಯಿ ಇತ್ತಂತೆ.

ಅದನ್ನ ಕಿತ್ತು "ಒಂಟಿಯಾಗಿರುವುದೇ ಸುಖ" ಅಂತ ಹಾಕಿಸಿದ. ಅವನದು ಶೇರ್ ಆಟೋ. ಸಂಜೆಗೆ ಮುಖ ಊದಿಸಿಕೊಂಡು ಬಂದ. "ಏನಾಯ್ತೋ ಮಾರಾಯ?" ಅಂದೆ. "ಹತ್ತೋಕೆ ಬಂದವರೆಲ್ಲ ಓದಿ, 'ಪಾಪ, ಸುಖವಾಗಿರಲಿ ಬಿಡಿ' ಅಂತ ಹಿಂದಿನ ಆಟೋಗೆ ಹೋಗ್ತಾರೆ ಅಣ್ಣಾ."

೩. ಎರಡು ದಿನದ ಸುಳ್ಳು

ಇಲ್ಲಿಯ ತನಕ ನಗು. ಶುಕ್ರವಾರ ಬೆಳಿಗ್ಗೆ ಒಬ್ಬ ಹೆಂಗಸು ಬಂದು, ಮಗಳ ನಿಶ್ಚಿತಾರ್ಥ ಭಾನುವಾರ ಶಿವಮೊಗ್ಗದಲ್ಲಿ ಇದೆ, ಸ್ಟೇಜ್ ಹಿಂದೆ ಹಾಕೋಕೆ ಥರ್ಮಾಕೋಲಿನಲ್ಲಿ ಹುಡುಗ ಹುಡುಗಿ ಹೆಸರು ಕತ್ತರಿಸಿ, ಅಲ್ಲಿಗೇ ತಂದು ಹಾಕಿಕೊಡಿ ಅಂದರು. ಹುಡುಗಿ ಹೆಸರು ಓದಿದೆ. ನಾನು ಸೀಮೆಎಣ್ಣೆ ಹಚ್ಚಿ ಉಜ್ಜಿದ ಅದೇ ಹೆಸರು!

ಆಕೆ ಆ ಕಡೆ ಹೋದರು, ಇವನು ಈ ಕಡೆಯಿಂದ ಬಂದ. ನಿಶ್ಚಿತಾರ್ಥದ ಸುದ್ದಿ ಅವನಿಗೂ ಮುಟ್ಟಿತ್ತು, ಕಣ್ಣು ಕೆಂಪಾಗಿತ್ತು. ಒಂದು ಚೀಟಿ ಮೇಜಿಗೆ ಕುಕ್ಕಿದ. ಅದರಲ್ಲಿ ಅವಳ ಹೆಸರು, ಪಕ್ಕದಲ್ಲಿ "ಮೋಸಗಾತಿ".

"ಭಾನುವಾರ ಬೆಳಿಗ್ಗೆ ಇದನ್ನ ಹಾಕ್ಕೊಂಡು ಅವರ ಹಾಲ್ ಮುಂದೆ ಗಾಡಿ ನಿಲ್ಲಿಸ್ತೀನಿ. ಹುಡುಗನ ಕಡೆಯವರು ಓದಲಿ."

ಆಗಲ್ಲ ಅಂದರೆ ಇನ್ನೊಂದು ಅಂಗಡಿಗೆ ಹೋಗ್ತಾನೆ. ಹಾಕಿಕೊಟ್ಟರೆ ಆ ಹುಡುಗಿ ನಿಶ್ಚಿತಾರ್ಥ ಅಲ್ಲೇ ಮುರೀತದೆ, ಇವನ ಕೈಕಾಲೂ ಮುರೀತದೆ. ಒಂದೇ ದಾರಿ, ದಿನ ತಳ್ಳೋದು. ಕೆಂಪು ಸ್ಟಿಕ್ಕರ್ ರೋಲ್ ಮುಗಿದಿದೆ ಅಂದೆ. ಸಂಜೆ ಬಂದ, ಕರೆಂಟಿಲ್ಲ ಅಂದೆ. ಶನಿವಾರ ಬಂದ, ಬ್ಲೇಡ್ ಮೊಂಡಾಗಿದೆ ಅಂದೆ. ಮಧ್ಯಾಹ್ನ ಬಂದ, ನನಗೇ ಜ್ವರ ಅಂದೆ. ಅವನು ಹಣೆ ಮುಟ್ಟಿ ನೋಡಿ, "ನಿನಗೆ ಜ್ವರ ಇಲ್ಲ, ಭಯ ಇದೆ. ನಾಳೆ ಏಳಕ್ಕೆ ಬಂದು ಇಲ್ಲೇ ಕೂರ್ತೀನಿ" ಅಂದ. ನಮ್ಮ ಮನೆಯವಳಿಗೂ ಜ್ವರದ ಸುಳ್ಳನ್ನೇ ಹೇಳಿದ್ದೆ. ಅವಳು ನಂಬಿ ಎರಡು ಹೊತ್ತು ಬರೀ ಗಂಜಿ ಕೊಟ್ಟಳು.

೪. ಸರಿಯಾದ ಅಳತೆ

ಭಾನುವಾರ ಅವನು ಆರೂವರೆಗೇ ಬಂದ. ಥರ್ಮಾಕೋಲ್ ಅಕ್ಷರಗಳನ್ನ ಮೂಲೆಯಲ್ಲಿ ಒಂದು ಹಳೇ ಬೆಡ್‌ಶೀಟ್ ಹೊದಿಸಿ ಬಚ್ಚಿಟ್ಟಿದ್ದೆ. ನಾನು ಮೆಷಿನ್ ಹತ್ತಿರ ಸುಮ್ಮನೆ ಏನೋ ತಿರುಗಿಸುತ್ತಾ ನಿಂತೆ. "ಅಷ್ಟರಲ್ಲಿ ಗಾಡಿ ಒರೆಸ್ತೀನಿ" ಅಂತ ಅವನು ಆ ಬೆಡ್‌ಶೀಟನ್ನೇ ಎಳೆದುಬಿಟ್ಟ.

ಎರಡು ಹೆಸರು. ಒಂದೂವರೆ ಅಡಿ ಎತ್ತರ, ಚಿನ್ನದ ಬಣ್ಣ, ಫಳಫಳ.

ಅವನು ಇದ್ದಕ್ಕಿದ್ದಂತೆ ಹುಡುಗನ ಹೆಸರಿನ ಮೇಲೆ ಕಾಲಿಟ್ಟು ತುಳಿದ. ಮತ್ತೆ ಮತ್ತೆ ತುಳಿದ. ಅಂಗಡಿ ತುಂಬ ಬಿಳೀ ಪುಡಿ. ಆಮೇಲೆ ಅವಳ ಹೆಸರಿನ ಮೊದಲ ಅಕ್ಷರ ಎತ್ತಿಕೊಂಡು ಎರಡು ಕೈಲಿ ಮುರಿಯೋಕೆ ಹೋದ. ಆಗಲಿಲ್ಲ. ಹಾಗೇ ಹಿಡಿದುಕೊಂಡು ನಿಂತ. ನಂತರ ಅದಕ್ಕೆ ಹತ್ತಿದ್ದ ಪುಡೀನ ಅಂಗಿಯಿಂದಲೇ ಒರೆಸಿ, ಜಾಗದಲ್ಲಿಟ್ಟು, ಸ್ಟೂಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟ.

"ಆ ಚೀಟಿ ಹರಿದಾಕಣ್ಣ. ಈ ಹೆಸರಿನ ಪಕ್ಕ ಆ ಮಾತು ನೋಡೋಕೆ ನನ್ ಕೈಲೇ ಆಗಲ್ಲ."

ಹರಿದೆ. ಅಷ್ಟರಲ್ಲಿ ಹುಡುಗಿ ತಾಯಿ ಫೋನು. "ಹೊರಟ್ರೇನ್ರೀ? ಹತ್ತೂವರೆಗೆ ಮುಹೂರ್ತ." ಭಾನುವಾರ, ಥರ್ಮಾಕೋಲ್ ಎಲ್ಲೂ ಸಿಗಲ್ಲ. ಇದ್ದ ಚೂರುಗಳಲ್ಲೇ ಹುಡುಗನ ಹೆಸರು ಮತ್ತೆ ಕತ್ತರಿಸಿದೆ. ಒಂದೊಂದು ಅಕ್ಷರವೂ ಒಂದೇ ಗೇಣು ಬಂತು. "ನಡಿ, ನಾನೇ ಬಿಡ್ತೀನಿ" ಅಂತ ಅವನು ಆಟೋ ಸ್ಟಾರ್ಟ್ ಮಾಡಿದ. ಶಿವಮೊಗ್ಗ ತಲುಪೋವರೆಗೂ ನಾನು ಅಕ್ಷರ ಹಿಡಿದುಕೊಂಡಿರಲಿಲ್ಲ, ಪ್ರಾಣ ಹಿಡಿದುಕೊಂಡಿದ್ದೆ. ಅಲ್ಲಿ ಹೋದಮೇಲೆ ಇವನ ಮನಸ್ಸು ತಿರುಗಿದರೆ?

ಹಾಲ್‌ನಲ್ಲಿ ಹುಡುಗಿ ಇನ್ನೂ ಬಂದಿರಲಿಲ್ಲ. ಆ ತಾಯಿಗೆ ಇವನ ಮುಖ ಗೊತ್ತಿರಲಿಲ್ಲ, ನನ್ನ ಪುಣ್ಯ. ಇವನೇ ಏಣಿ ಹತ್ತಿದ. ಅವಳ ಹೆಸರನ್ನ ಕಣ್ಣಳತೆ ನೋಡಿ ನೋಡಿ, ಒಂದು ಚೂರೂ ಸೊಟ್ಟ ಆಗದ ಹಾಗೆ ಪಿನ್ ಹೊಡೆದ. ಕೆಳಗಡೆ ಮೂಲೆಯಲ್ಲಿ ಹುಡುಗನದನ್ನ ಕೂರಿಸಿದ.

ತಾಯಿ ಬಂದು ನೋಡಿ ಗಾಬರಿಯಾದರು. "ಇದೇನ್ರೀ ಇದು! ನಮ್ಮ ಹುಡುಗೀದು ಇಷ್ಟು ದೊಡ್ಡದು, ಅಳಿಯಂದಿರದು ಇಷ್ಟು ಸಣ್ಣದು? ಬೀಗರು ಏನಂದ್ಕೊಳ್ಳಲ್ಲ?"

ಇವನು ಏಣಿ ಮೇಲಿಂದ ಕೊನೇ ಪಿನ್ ಹೊಡೆದು, ತಿರುಗದೆಯೇ ಹೇಳಿದ:

"ಅಳತೆ ಸರಿಯಾಗೇ ಇದೆ ಅಮ್ಮ. ಯಾರ್ಯಾರು ಎಷ್ಟಿದಾರೋ ಅಷ್ಟೇ ಹಾಕಿದೀವಿ."