ಟೊಯ್ವೊನ ಸೋತ ಸ್ನಾಯು

ಆ ಬೆಳಿಗ್ಗೆ ಅಮೆರಿಕದ ಡುಲುತ್ ಊರಲ್ಲಿ ಮೊಣಕಾಲೆತ್ತರ ಹಿಮ ಬಿದ್ದಿತ್ತು. ಎಪ್ಪತ್ತೆರಡರ ಟೊಯ್ವೊ ಕಂಬಳಿಯೊಳಗೆ ಇನ್ನಷ್ಟು ಮುದುಡಿಕೊಂಡ.

"ಏಳು! ಪಕ್ಕದ್ಮನೆ ಆರ್ನೆ ಆಗ್ಲೇ ಹಿಮ ಎತ್ತಿ ಮುಗಿಸಿದ. ನಿನಗಿಂತ ದೊಡ್ಡೋನು!" ಎಂದಳು ಹೆಂಡತಿ ಇರ್ಮಾ.

"ನನ್ನ ಸ್ನಾಯುಗೆ ವಯಸ್ಸಾಗಿದೆ ಕಣೇ. ಆಮ್ಲಜನಕ ಸಾಲಲ್ಲ ಅದಕ್ಕೆ."

ಅದನ್ನು ಸಾಬೀತು ಮಾಡಲೆಂದೇ ಅವನು ವಿಶ್ವವಿದ್ಯಾಲಯದ ಸಂಶೋಧನೆಗೆ ಹೆಸರು ಕೊಟ್ಟಿದ್ದ. ಮುದುಕರ ಸ್ನಾಯು ಎಷ್ಟು ಆಮ್ಲಜನಕ ಬಳಸುತ್ತದೆಂದು ಅಳೆದು, ಎರಡು ಗುಂಪು ಮಾಡುತ್ತಾರಂತೆ. ಒಂದು ಗುಂಪು ದಿನಾ ಬೆವರಿಳಿಸಬೇಕು. ಇನ್ನೊಂದು ಚಳಿಗಾಲವಿಡೀ ಸಲಿಕೆಯನ್ನೂ ಮುಟ್ಟದೆ ಕೂರಬೇಕು. ಸೋತವರನ್ನು ಬಿಟ್ಟು ಇನ್ಯಾರನ್ನು ಕೂರಿಸುತ್ತಾರೆ ಎಂಬುದು ಟೊಯ್ವೊನ ಲೆಕ್ಕ.

ಪರೀಕ್ಷೆ ಅಂದೇ ಇತ್ತು, ಆದರೆ ಅವನ ಕಾರು ಹಿಮದಲ್ಲಿ ಹೂತಿತ್ತು. "ನಾನೂ ಹೆಸರು ಕೊಟ್ಟಿದ್ದೀನಿ, ಅಲ್ಲಿಗೇ ಹೊರಟೆ, ಹತ್ತು" ಎಂದು ಆರ್ನೆ ತನ್ನ ಕಾರಿನ ಬಾಗಿಲು ತೆರೆದ.

ಪ್ರಯೋಗಶಾಲೆಯಲ್ಲಿ ಆಮ್ಲಜನಕ ಅಳೆಯಲೆಂದು ಮುಖಕ್ಕೆ ಮುಖವಾಡ, ತೊಡೆಗೆ ಬೆಳಕು ಹಾಯಿಸುವ ಪಟ್ಟಿ ಕಟ್ಟಿ ಸೈಕಲ್ ತುಳಿಸಿದರು. ಆರ್ನೆ ಕರಡಿ ಅಟ್ಟಿಸಿಕೊಂಡು ಬಂದಂತೆ ತುಳಿದ. ಟೊಯ್ವೊ ಕೆಸರಿನಿಂದ ಕಾಲು ಕೀಳುವ ಎಮ್ಮೆಯಂತೆ ತುಳಿದು, ಮುಖವಾಡ ಕಿತ್ತು, ಏದುಸಿರು ಬಿಡುತ್ತಾ ನೆಲಕ್ಕೆ ಜಾರಿದ.

"ಅಯ್ಯೋ, ಹೋಗೇಬಿಟ್ಟ!" ಎಂದು ಓಡಿಬಂದ ಆರ್ನೆ, ಗಾಬರಿಯಲ್ಲಿ ಕೈಗೆ ಸಿಕ್ಕ ಕಾಫಿಯನ್ನೇ ಅವನ ಮುಖಕ್ಕೆ ಸುರಿದ. ಚುರ್ರೆಂದರೂ ಟೊಯ್ವೊ ಕಣ್ಣು ಬಿಡಲಿಲ್ಲ. ಇಡೀ ಚಳಿಗಾಲದ ನೆಮ್ಮದಿಯ ಪ್ರಶ್ನೆ.

ಸಂಜೆ ಸಂಶೋಧಕಿ ಮಾರ್ಲಿಸ್ ಇಬ್ಬರನ್ನೂ ಕರೆದಳು.

"ಆರ್ನೆ ಅವರೇ, ನೀವು ವಿಶ್ರಾಂತಿ ಗುಂಪು."

ಟೊಯ್ವೊ ಕುರ್ಚಿಯಿಂದ ಜಿಗಿದ. "ಇವನಾ? ಇವನು ಎತ್ತಿನ ಹಾಗಿದ್ದಾನೆ!"

"ಅದಕ್ಕೇ ಸರ್. ಗಟ್ಟಿ ಸ್ನಾಯು ಕೆಲಸ ಬಿಟ್ರೆ ಆಮ್ಲಜನಕ ಬಳಸೋದನ್ನ ಎಷ್ಟು ಬೇಗ ಮರೆಯುತ್ತೆ ಅಂತ ನೋಡ್ಬೇಕು. ಸೋತ ಸ್ನಾಯು ದುಡಿದ್ರೆ ರಕ್ತ ಚೆನ್ನಾಗಿ ಹರಿದು ಚೇತರಿಸಿಕೊಳ್ಳುತ್ತಾ ಅನ್ನೋದನ್ನೂ ನೋಡ್ಬೇಕು. ನೀವು ಬೆವರಿನ ಗುಂಪು. ಇಷ್ಟು ಸೋತ ಸ್ನಾಯು ನಮಗೆ ಸಿಕ್ಕೇ ಇರ್ಲಿಲ್ಲ!"

ನಟನೆ ಮಾಡಿದೆನೆಂದು ಒಪ್ಪಿಕೊಳ್ಳೋಣವೆಂದರೆ, ಪಕ್ಕದಲ್ಲಿ ಆರ್ನೆ ಅವನ ಸ್ಥಿತಿಗೆ ಮರುಗಿ, ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ.

ಮನೆಗೆ ಬಂದಾಗ ಮತ್ತೆ ಹಿಮ ಸುರಿಯುತ್ತಿತ್ತು. ಇರ್ಮಾ ಬಾಗಿಲಲ್ಲೇ ಸಲಿಕೆ ಹಿಡಿದು ನಿಂತಿದ್ದಳು.

"ಆರ್ನೆ ಅಲ್ಲಿಂದ್ಲೇ ಫೋನ್ ಮಾಡಿ ಎಲ್ಲಾ ಹೇಳಿದ. ಪಾಪ, ಅವನು ಸಲಿಕೆ ಮುಟ್ಟೋ ಹಾಗಿಲ್ವಂತೆ. ಅವರ ಮನೆ ಹಿಮಾನೂ ನೀನೇ ಎತ್ತುತ್ತೀಯ ಅಂದೆ. ನಿನ್ನ ಆರೋಗ್ಯಕ್ಕೂ ಒಳ್ಳೇದಲ್ವಾ?"

ತನ್ನ ಅಂಗಳದ ಹಿಮ ಎತ್ತಿ ಟೊಯ್ವೊ ಪಕ್ಕದ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಬೆನ್ನು ಬಿಲ್ಲಾಗಿತ್ತು. ಕಿಟಕಿ ತೆರೆದು ಆರ್ನೆ ಅಕ್ಕರೆಯಿಂದ ಕೂಗಿದ:

"ಟೊಯ್ವೊ, ನಿಧಾನ ಕಣೋ! ಗ್ಯಾರೇಜಿನ ಹಿಂದೆ ಬೇರೆ ಇನ್ನೂ ರಾಶಿ ಇದೆ!"